ಚೀಲದಾಗಿನ ಕಾಗದ, ಮೊಬೈಲ್‌ನಾಗಿನ ಹದಿನಾಲ್ಕು ಅಂಕಿ

ಹೋದ ವರ್ಷ ಬಿಳಿಜೋಳದ ರಾಶಿ ನಡೆದಿದ್ದ ಹೊತ್ತು. ಶಹಾಪುರ ತಾಲೂಕಿನ ನಮ್ಮೂರಲ್ಲಿ ಬೆಳಿಗ್ಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದ ನಮ್ಮ ಕಾಕಾನ ಕೈಯಿಂದ ಕಪ್ಪು ಜಾರಿ ಬಿತ್ತು. ಬಾಯಿ ಒಂದು ಕಡೆ ಸೊಟ್ಟಗಾಯಿತು. ಮಾತು ತೊದಲಿತು. "ಲಕ್ವಾ ಹೊಡೀತು" ಎಂದು ಓಣಿಯವರು ಓಡಿ ಬಂದರು. 108ಕ್ಕೆ ಫೋನ್ ಮಾಡಿದೆವು. ತಾಲೂಕಿನಲ್ಲಿ ಮೊದಲ ಉಪಚಾರ ಮಾಡಿ, ತಡ ಮಾಡಬೇಡಿ ಎಂದು ಕಲಬುರಗಿಗೆ ಕಳಿಸಿದರು.

ಅಲ್ಲಿ ಡಾಕ್ಟರು ಕೇಳಿದ್ದು ಸಣ್ಣ ಪ್ರಶ್ನೆ. "ಏನೇನು ಗುಳಿಗಿ ತಗೋತಾರ? ರಕ್ತ ತೆಳು ಮಾಡೋ ಗುಳಿಗಿ ಏನರ ನಡದಾವೇನು?"

ಕಾಕಿ ಹೇಳಿದರು: "ಮುಂಜಾನಿ ಒಂದು ಬಿಳೀದು, ರಾತ್ರಿ ಒಂದು ಸಣ್ಣ ಕೆಂಪಂದ್ರೀ ಸಾಹೇಬ್ರ."

"ಹೆಸರೇನಮ್ಮ?"

"ಹೆಸರು ಗೊತ್ತಿಲ್ರಿ. ಮೆಡಿಕಲ್‌ನವರು ಖಾಲಿ ಪಟ್ಟಿ ನೋಡಿ ಕೊಡ್ತಾರ."

ಆಮೇಲೆ ಕಾಕಿ ತಂದಿದ್ದ ಚೀಲ ಬಿಚ್ಚಿದೆವು. ಬಟ್ಟೆ ಅಂಗಡಿಯ ಹಳದಿ ಕ್ಯಾರಿಬ್ಯಾಗ್. ಅದರಲ್ಲಿ ಏನಿರಲಿಲ್ಲ! ರಾಯಚೂರಿನಲ್ಲಿ ಮಾಡಿಸಿದ ಸ್ಕ್ಯಾನಿಂಗ್, ಸೊಲ್ಲಾಪುರದ ಡಾಕ್ಟರ ಚೀಟಿ, ಬಿಳಿಚಿ ಹೋಗಿ ಗೆರೆಯೇ ಕಾಣದ ಇಸಿಜಿ ಕಾಗದ, ಯಾರದೋ ಮೂತ್ರ ಪರೀಕ್ಷೆಯ ವರದಿ, ರೇಷನ್ ಕಾರ್ಡಿನ ಝೆರಾಕ್ಸ್, ಕರೆಂಟ್ ಬಿಲ್. ಈಚಿನ ಚೀಟಿ ಮಾತ್ರ ಇರಲಿಲ್ಲ. ಅದರ ಫೋಟೊ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ ಮಗನ ವಾಟ್ಸಾಪ್‌ನಲ್ಲಿತ್ತು. ಅವನು ಹದಿನಾಲ್ಕನೇ ಮಹಡಿಯಲ್ಲಿ ಕೆಲಸದಲ್ಲಿದ್ದ, ಫೋನ್ ಕೆಳಗೆ ಶೆಡ್ಡಿನಲ್ಲಿತ್ತು. ಮಧ್ಯಾಹ್ನ ಊಟಕ್ಕೆ ಇಳಿದಾಗ ನೋಡಿ ಕಳಿಸಿದ. ಅಷ್ಟೊತ್ತಿಗೆ ಮೂರು ತಾಸು ಆಗಿತ್ತು.

ಲಕ್ವಾದಲ್ಲಿ ತಾಸಿನ ಲೆಕ್ಕ ದೊಡ್ಡದು. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕಾದರೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಅದಕ್ಕೂ ಮೊದಲು ರೋಗಿ ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುತ್ತಿದ್ದಾನೋ ಇಲ್ಲವೋ ತಿಳಿಯಬೇಕು. ತಿಳಿಯದೆ ಕೊಟ್ಟರೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಇದೆ.

ಕಾಕಾ ಬದುಕಿದರು. ಬಲಗೈ ಇನ್ನೂ ಪೂರ್ತಿ ಬಂದಿಲ್ಲ. ಕಾಗದ ಇದ್ದಿದ್ದರೆ ಕೈ ಬರುತ್ತಿತ್ತು ಎಂದು ನಾವು ಹೇಳುವುದಿಲ್ಲ. ಅದನ್ನು ಹೇಳಲು ನಾವು ಡಾಕ್ಟರಲ್ಲ. ಆದರೆ ಒಂದು ಮಾತು ನಮ್ಮನ್ನು ಇವತ್ತಿಗೂ ಕೊರೆಯುತ್ತದೆ. ಅದೇ ಹಳದಿ ಚೀಲದಲ್ಲಿ, ಕರೆಂಟ್ ಬಿಲ್ಲಿನ ಕೆಳಗೆ, ಕಾಕಾನ 'ಆಭಾ' ಕಾರ್ಡ್ ಕೂಡ ಇತ್ತು. ಊರಲ್ಲಿ ಕ್ಯಾಂಪ್ ಆದಾಗ ಮಾಡಿಸಿದ್ದು. ಹದಿನಾಲ್ಕು ಅಂಕಿ, ಫೋಟೊ, ಕ್ಯೂಆರ್ ಕೋಡ್ ಎಲ್ಲವೂ ಅದರ ಮೇಲಿದ್ದವು. ಊರಿಗೆ ಬಂದು ಒಂದು ವಾರದ ಮೇಲೆ, ಮಗನಿಂದ ಒಟಿಪಿ ತರಿಸಿಕೊಂಡು, ಆ್ಯಪ್ ಹಾಕಿ ನೋಡಿದೆವು. ಹೆಸರಿತ್ತು, ಹುಟ್ಟಿದ ವರ್ಷ ಇತ್ತು. ದಾಖಲೆಗಳು ಎಂಬಲ್ಲಿ ಖಾಲಿ.

ಇಲ್ಲದ ಕಾಗದಕ್ಕಿಂತ ಆ ಖಾಲಿ ಜಾಗ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು. ಈ ಲೇಖನ ಅದರ ಬಗ್ಗೆಯೇ.

ನಂಬರು ಬೇರೆ, ದಾಖಲೆ ಬೇರೆ

ಮೊದಲು ಒಂದು ಗೊಂದಲ ಬಿಡಿಸೋಣ. ಸುರಪುರ, ಶಹಾಪುರ, ಯಾದಗಿರಿ ಎಲ್ಲಿ ಕೇಳಿದರೂ ಜನ ಎರಡು ಕಾರ್ಡುಗಳನ್ನು ಒಂದೇ ಎಂದುಕೊಂಡಿದ್ದಾರೆ.

ಒಂದು, ಆಯುಷ್ಮಾನ್ ಕಾರ್ಡ್. ಇದು ದುಡ್ಡಿನ ಕಾರ್ಡ್. ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ 2018ರಲ್ಲಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದು 'ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ' ಎಂದು ನಡೆಯುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ.

ಎರಡು, ಆಭಾ. ಇದರಿಂದ ಒಂದು ಪೈಸೆಯೂ ಸಿಗುವುದಿಲ್ಲ. ಇದು ನಿಮ್ಮ ಆರೋಗ್ಯದ ಕಾಗದಪತ್ರಗಳನ್ನು ಒಂದು ಹೆಸರಿನಡಿ ಜೋಡಿಸುವ ನಂಬರು. 2020ರ ಆಗಸ್ಟ್ 15ರಂದು ಪ್ರಧಾನಿಯವರು ಇದನ್ನು ಘೋಷಿಸಿದರು. 2021ರ ಸೆಪ್ಟೆಂಬರ್ 27ರಂದು 'ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್' ಎಂದು ದೇಶದ ತುಂಬ ಶುರುವಾಯಿತು. ಎರಡಕ್ಕೂ 'ಆಯುಷ್ಮಾನ್' ಎಂಬ ಹೆಸರು ಅಂಟಿದ್ದರಿಂದ ಜನರಿಗೆ ಗೊಂದಲ. ಇದು ಜನರ ತಪ್ಪಲ್ಲ, ಹೆಸರಿಟ್ಟವರ ತಪ್ಪು. ಒಬ್ಬ ಮುದುಕಿ ಆಭಾ ಕಾರ್ಡ್ ತೋರಿಸಿ, "ಇದರಾಗ 5 ಲಕ್ಷ ಅದಾವಲ್ರಿ?" ಎಂದು ಕೇಳಿದರೆ ನಗಬೇಡಿ.

ಆಭಾದ ವಿಚಾರ ಕೇಳಲು ಚೆನ್ನಾಗಿದೆ, ನಿಜಕ್ಕೂ ಚೆನ್ನಾಗಿಯೇ ಇದೆ. ನಿಮ್ಮ ವರದಿಗಳೆಲ್ಲ ಒಂದೇ ಸರ್ಕಾರಿ ಕಂಪ್ಯೂಟರಿನಲ್ಲಿ ರಾಶಿ ಬೀಳುವುದಿಲ್ಲ. ಯಾವ ದವಾಖಾನೆ ಬರೆಯಿತೋ ಅಲ್ಲೇ ಇರುತ್ತವೆ. ಬೇರೆ ಡಾಕ್ಟರು ನೋಡಬೇಕಾದರೆ ನಿಮ್ಮ ಒಪ್ಪಿಗೆ ಬೇಕು. ಎಷ್ಟು ದಿನ ನೋಡಬಹುದು ಎಂದು ನೀವೇ ಹೇಳಬಹುದು, ಕೊಟ್ಟ ಒಪ್ಪಿಗೆ ಹಿಂದಕ್ಕೂ ಪಡೆಯಬಹುದು. ಆಭಾ ಕಡ್ಡಾಯವಲ್ಲ. ಮಾಡಿಸಿದ ಮೇಲೂ ಬೇಡವೆಂದರೆ ತೆಗೆಸಬಹುದು.

ಹಾಗಾದರೆ ಕಾಕಾನ ಜಾಗ ಯಾಕೆ ಖಾಲಿ? ನಂಬರು ಎನ್ನುವುದು ಮನೆಗೆ ಬಾಗಿಲ ಸಂಖ್ಯೆ ಬರೆದ ಹಾಗೆ. ಸಂಖ್ಯೆ ಬರೆದ ಮಾತ್ರಕ್ಕೆ ಅಂಚೆ ಬರುವುದಿಲ್ಲ. ಯಾರಾದರೂ ಕಾಗದ ಬರೆದು ಡಬ್ಬಿಗೆ ಹಾಕಬೇಕು. ದವಾಖಾನೆ ಮತ್ತು ಲ್ಯಾಬು ಮಿಷನ್‌ನಲ್ಲಿ ನೋಂದಣಿ ಆಗಬೇಕು, ಅವರ ಕಂಪ್ಯೂಟರ್ ಸಾಫ್ಟ್‌ವೇರ್ ಅದಕ್ಕೆ ಹೊಂದಬೇಕು, ವರದಿ ಕೊಡುವಾಗ ನಿಮ್ಮ ಆಭಾಕ್ಕೆ ಜೋಡಿಸಬೇಕು. ನಮ್ಮ ಕಡೆ ಸಂತೆ ದಿನ ಜನ ತುಂಬಿದ ಕ್ಲಿನಿಕ್ಕಿನಲ್ಲಿ ಡಾಕ್ಟರು ಚೀಟಿಯ ಮೇಲೆ ಎರಡು ಗೆರೆ ಗೀಚುತ್ತಾರೆ, ಪಕ್ಕದ ಮೆಡಿಕಲ್‌ನವನಿಗೆ ಮಾತ್ರ ಅದು ಅರ್ಥವಾಗುತ್ತದೆ. ಆ ಚೀಟಿ ಯಾವ ಆಭಾಕ್ಕೆ ಹೋಗಿ ಸೇರಬೇಕು?

ಮೇಲಿನವರು ಲೆಕ್ಕ ಕೇಳುವುದು ಎಷ್ಟು ನಂಬರು ಮಾಡಿಸಿದಿರಿ ಎಂದು. ಎಷ್ಟು ಜನರ ಚೀಟಿ ಒಳಗೆ ಸೇರಿತು, ಅದು ಎಷ್ಟು ಜನರಿಗೆ ಆಪತ್ತಿನಲ್ಲಿ ಉಪಯೋಗಕ್ಕೆ ಬಂತು ಎಂದು ಕೇಳಿದರೆ ಉತ್ತರ ಬೇರೆ ಇರುತ್ತದೆ. ಬಾವಿ ತೋಡಿದ ಲೆಕ್ಕ ಕೊಟ್ಟು ನೀರಿನ ಲೆಕ್ಕ ಕೊಡದಿದ್ದರೆ ಹೇಗೆ?

ನಮ್ಮ ಜಿಲ್ಲೆಯ ರೋಗಿ ಒಂದು ಕಡೆ ಇರುವುದಿಲ್ಲ

ಈ ತಂತ್ರಜ್ಞಾನ ನಮಗೆ ಬೇಡ ಎನ್ನುವ ಪೈಕಿ ನಾವಲ್ಲ. ಇದು ಬೆಂಗಳೂರಿನ ಜಯನಗರದವರಿಗಿಂತ ಹುಣಸಗಿಯವರಿಗೆ, ಕೆಂಭಾವಿಯವರಿಗೆ, ಕಕ್ಕೇರಿಯವರಿಗೆ ಹೆಚ್ಚು ಬೇಕು.

ಯಾಕೆಂದರೆ ನಮ್ಮ ರೋಗಿ ಅಲೆದಾಡುವ ರೋಗಿ. ಜ್ವರಕ್ಕೆ ಊರಿನ ಆರ್‌ಎಂಪಿ, ಜಾಸ್ತಿಯಾದರೆ ಪಿಎಚ್‌ಸಿ, ಆಮೇಲೆ ತಾಲೂಕು, ಆಮೇಲೆ ಯಾದಗಿರಿ. ಅಲ್ಲಿಂದ ಕೆಲವರು ಕಲಬುರಗಿಗೆ, ಕೆಲವರು ರಾಯಚೂರಿಗೆ, ಕೆಲವರು ವಿಜಯಪುರ, ಬಾಗಲಕೋಟೆಗೆ. ದೊಡ್ಡ ಕಾಯಿಲೆಯಾದರೆ ಹೈದರಾಬಾದ್, ಇಲ್ಲವೇ ಸೊಲ್ಲಾಪುರ. ಮೂರು ರಾಜ್ಯ, ನಾಲ್ಕು ಭಾಷೆ. ಪ್ರತಿ ಕಡೆಯೂ ರಕ್ತ ಹೊಸದಾಗಿ ತೆಗೆಯುತ್ತಾರೆ, ಸ್ಕ್ಯಾನಿಂಗ್ ಹೊಸದಾಗಿ ಬರೆಯುತ್ತಾರೆ. ಹಳೆಯ ವರದಿ ಇಲ್ಲದವನು ಪ್ರತಿ ಸಲ ದುಡ್ಡು ತೆತ್ತು ಮೊದಲಿನಿಂದ ಶುರು ಮಾಡುತ್ತಾನೆ.

ಇದರ ಮೇಲೆ ಗುಳೆ. ಮಳೆ ಕೈಕೊಟ್ಟ ವರ್ಷ, ಕಾಲುವೆ ನೀರು ಮುಟ್ಟದ ಊರುಗಳಲ್ಲಿ, ಹತ್ತಿ ಬಿಡಿಸಿದ ಮೇಲೆ ಮನೆಗೆ ಬೀಗ ಹಾಕಿ ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದ್ ಎಂದು ಹೊರಡುತ್ತಾರೆ. ಬಸುರಿ ಹೆಣ್ಣುಮಗಳೂ ಹೋಗುತ್ತಾಳೆ. ಟಿಬಿ ಗುಳಿಗೆ ನಡೆದಿರುವವನೂ ಹೋಗುತ್ತಾನೆ. ತಾಯಿ ಕಾರ್ಡ್ ಊರಲ್ಲಿ ಅತ್ತೆಯ ಟ್ರಂಕಿನಲ್ಲಿ ಉಳಿಯುತ್ತದೆ. ಮಗುವಿಗೆ ಯಾವ ಲಸಿಕೆ ಆಗಿದೆ, ಯಾವುದು ಆಗಿಲ್ಲ ಎಂದು ವೈಟ್‌ಫೀಲ್ಡಿನ ಶೆಡ್ಡಿನಲ್ಲಿ ಯಾರೂ ಹೇಳುವುದಿಲ್ಲ.

ಇಂಥ ಕಡೆ ತಂತ್ರಜ್ಞಾನ ಕೆಲಸ ಮಾಡಿದ್ದಕ್ಕೂ ಉದಾಹರಣೆ ಇದೆ. ಟಿಬಿ ರೋಗಿಗಳಿಗೆ 'ನಿಕ್ಷಯ್' ಎಂಬ ದೇಶದ ಮಟ್ಟದ ದಾಖಲೆ ವ್ಯವಸ್ಥೆ ಇದೆ. ಒಂದು ಐಡಿ ನಂಬರಿನ ಮೇಲೆ ರೋಗಿಯನ್ನು ಬೇರೆ ಊರಿಗೆ ವರ್ಗಾಯಿಸಬಹುದು, ಗುಳಿಗೆ ಅಲ್ಲಿ ಮುಂದುವರಿಯುತ್ತದೆ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ, ಅದೂ ಇದೇ ದಾಖಲೆಯ ಮೇಲೆ ಖಾತೆಗೆ ಬರುತ್ತದೆ. ಇಲ್ಲಿ ನಂಬರಿಗೂ ಗುಳಿಗೆಗೂ ನೇರ ಸಂಬಂಧ ಇದೆ. ನಂಬರಿನಿಂದ ರೋಗಿಗೆ ಏನು ಸಿಗುತ್ತದೆ ಎಂಬುದು ಅವನ ಕಣ್ಣಿಗೆ ಕಾಣುತ್ತದೆ. ಆಭಾದಲ್ಲಿ ಇನ್ನೂ ಕಾಣದಿರುವುದು ಇದೇ.

ಫೋನ್ ಯಾರದು?

ಆ್ಯಪ್ ಮಾಡುವವರು ಒಂದು ಚಿತ್ರ ಇಟ್ಟುಕೊಂಡು ಕೆಲಸ ಶುರು ಮಾಡುತ್ತಾರೆ: ಒಬ್ಬ ಮನುಷ್ಯ, ಅವನದೇ ಒಂದು ಫೋನು, ಅವನದೇ ಒಂದು ನಂಬರು, ಓದಲು ಬರುತ್ತದೆ, ನೆಟ್ ಇದೆ. ನಮ್ಮ ಓಣಿಯಲ್ಲಿ ಆ ಮನುಷ್ಯನನ್ನು ಹುಡುಕಿ ನೋಡಿ.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 52. ಇಡೀ ರಾಜ್ಯದಲ್ಲಿ ಕಡೆಯ ಸ್ಥಾನ ನಮ್ಮದು. 2018ರಲ್ಲಿ ಕೇಂದ್ರ ಸರ್ಕಾರ ಗುರುತಿಸಿದ 'ಮಹತ್ವಾಕಾಂಕ್ಷಿ ಜಿಲ್ಲೆ'ಗಳಲ್ಲಿ ಕರ್ನಾಟಕದಿಂದ ಸೇರಿದ್ದು ಎರಡೇ, ರಾಯಚೂರು ಮತ್ತು ನಾವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇರುವ ಹೆಣ್ಣುಮಕ್ಕಳು ನೂರಕ್ಕೆ 54. ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದವರು ಗಂಡಸರಲ್ಲಿ ನೂರಕ್ಕೆ 57, ಹೆಂಗಸರಲ್ಲಿ 33. ಇದು ಇಡೀ ದೇಶದ ಲೆಕ್ಕ. ನಮ್ಮ ಹಳ್ಳಿಯದು ಎಲ್ಲಿ ನಿಲ್ಲುತ್ತದೆ ಎಂದು ನೀವೇ ಊಹಿಸಿ.

ಮನೆಗೊಂದು ದೊಡ್ಡ ಫೋನು. ಅದು ಮಗನ ಕಿಸೆಯಲ್ಲಿ ಅಥವಾ ಮೊಮ್ಮಗನ ಕೈಯಲ್ಲಿ. ಆಧಾರ್‌ಗೆ ಕೊಟ್ಟ ನಂಬರು ಐದು ವರ್ಷದ ಹಿಂದಿನದು, ಆ ಸಿಮ್ ಕಳೆದು ಹೋಗಿದೆ. ಒಟಿಪಿ ಎಲ್ಲಿಗೋ ಹೋಗುತ್ತದೆ, ಮುದುಕಿ ಗ್ರಾಮ ಒನ್ ಕೇಂದ್ರದ ಮುಂದೆ ಕುಳಿತಿರುತ್ತಾಳೆ.

ಕೋವಿಡ್ ಲಸಿಕೆಯ ಹೊತ್ತಿನಲ್ಲಿ ನಾವೆಲ್ಲ ಇದನ್ನು ನೋಡಿದ್ದೇವೆ. ಕೋವಿನ್‌ನಲ್ಲಿ ಮೊದಲು ಒಂದು ಮೊಬೈಲ್ ನಂಬರಿಗೆ ನಾಲ್ಕು ಜನ ಎಂದಿದ್ದರು, 2022ರ ಜನವರಿಯಲ್ಲಿ ಆರು ಜನ ಎಂದು ಹೆಚ್ಚಿಸಿದರು. ಅಂದರೆ ಒಂದೇ ಫೋನು ಮನೆಮಂದಿಗೆಲ್ಲ ಎಂಬ ಸತ್ಯ ಸರ್ಕಾರಕ್ಕೂ ಗೊತ್ತು.

ಒಂದೇ ಫೋನಿನಲ್ಲಿ ಎಲ್ಲರ ಆರೋಗ್ಯ ಇದ್ದರೆ ಇನ್ನೊಂದು ತೊಡಕೂ ಇದೆ. ಮದುವೆಯಾದ ಹೊಸತರಲ್ಲಿ ಸೊಸೆ ಮಕ್ಕಳಾಗದಂತೆ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದು ಮೈದುನನ ಕಣ್ಣಿಗೆ ಬೀಳಬೇಕೆ? ಒಬ್ಬರಿಗೆ ಎಚ್‌ಐವಿ ಇದೆ ಎಂಬುದು ಮನೆಯ ಎಲ್ಲರ ಕೈಗೂ ಸಿಗಬೇಕೆ? 2017ರ ಎಚ್‌ಐವಿ ಕಾಯ್ದೆ ಒಬ್ಬರ ಸ್ಥಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡಬಾರದು ಎನ್ನುತ್ತದೆ. ಕಾಯ್ದೆ ಹಾಗೆನ್ನುವಾಗ ಫೋನಿನ ಪರದೆ ಮೇಲೆ ಎಲ್ಲ ತೆರೆದಿಟ್ಟರೆ ಹೇಗೆ? ಟ್ರಂಕಿಗೆ ಬೀಗ ಇರುತ್ತದೆ. ಮನೆಯ ಫೋನಿನಲ್ಲಿ ಒಬ್ಬೊಬ್ಬರ ಆರೋಗ್ಯಕ್ಕೂ ಬೇರೆ ಬೇರೆ ಬೀಗ ಬೇಕು. ಆ ಬೀಗ ತೆಗೆಯಲು ಇಂಗ್ಲಿಷ್ ಪಾಸ್‌ವರ್ಡ್ ಬೇಕಾಗಬಾರದು.

ಕಾಗದವನ್ನು ತಾತ್ಸಾರ ಮಾಡಬೇಡಿ

ಡಿಜಿಟಲ್ ಎಂದ ಕೂಡಲೇ ಕಾಗದ ಹಳೆಯ ಕಾಲದ್ದು ಎನ್ನುವವರಿದ್ದಾರೆ. ನಮ್ಮ ಕಣ್ಣ ಮುಂದೆಯೇ ಇರುವ ಅತ್ಯುತ್ತಮ ಆರೋಗ್ಯ ದಾಖಲೆ ಕಾಗದದ್ದು. ಅದು ತಾಯಿ ಕಾರ್ಡ್. ತೂಕ, ರಕ್ತದ ಪ್ರಮಾಣ, ಬಿಪಿ, ಹೆರಿಗೆ ದಿನಾಂಕ, ಮಗುವಿನ ಲಸಿಕೆ ಎಲ್ಲ ಒಂದೇ ಕಡೆ, ಕನ್ನಡದಲ್ಲಿ, ಚಿತ್ರಗಳ ಜೊತೆ. ಓದಲು ಬಾರದ ತಾಯಿಗೂ ಅದು ಏನು ಎಂದು ಗೊತ್ತು. ಮನೆ ಬಿದ್ದರೂ ಅದನ್ನು ಮೊದಲು ಎತ್ತಿಕೊಳ್ಳುತ್ತಾಳೆ.

ಬೇರೆ ದೇಶದವರೂ ಇದನ್ನು ಕಂಡುಕೊಂಡಿದ್ದಾರೆ. ಜಪಾನಿನಲ್ಲಿ ತಾಯಿ-ಮಗುವಿನ ಕೈಪಿಡಿ 1948ರಿಂದ ಇದೆ, ಅಷ್ಟು ಮುಂದುವರಿದ ದೇಶದಲ್ಲಿ ಇವತ್ತಿಗೂ ಅದನ್ನು ಕೊಡುತ್ತಾರೆ. ಆಫ್ರಿಕಾದ ಬಡ ದೇಶ ಮಲಾವಿಯಲ್ಲಿ ರೋಗಿಯ ಕೈಯಲ್ಲೇ 'ಆರೋಗ್ಯ ಪಾಸ್‌ಪೋರ್ಟ್' ಎಂಬ ಸಣ್ಣ ಪುಸ್ತಕ ಇರುತ್ತದೆ. ಯಾವ ದವಾಖಾನೆಗೆ ಹೋದರೂ ಡಾಕ್ಟರು ಅದರಲ್ಲೇ ಬರೆಯುತ್ತಾರೆ. ಪೂರ್ತಿ ಡಿಜಿಟಲ್ ದಾರಿ ಹಿಡಿದವರೂ ಇದ್ದಾರೆ. ಯುರೋಪಿನ ಪುಟ್ಟ ದೇಶ ಎಸ್ಟೋನಿಯಾದಲ್ಲಿ 2008ರಿಂದ ಇಡೀ ದೇಶದ ಆರೋಗ್ಯ ದಾಖಲೆ ಆನ್‌ಲೈನ್. ಅಲ್ಲಿ ನಮಗೆ ಮೆಚ್ಚುಗೆಯಾದ ಒಂದು ಸಂಗತಿ ಇದೆ: ತನ್ನ ದಾಖಲೆಯನ್ನು ಯಾವ ಡಾಕ್ಟರು ಯಾವಾಗ ನೋಡಿದರು ಎಂದು ರೋಗಿ ತಾನೇ ನೋಡಬಹುದು.

ಅಂದರೆ ಕಾಗದವೋ ಮೊಬೈಲೋ ಎಂಬ ಜಗಳ ಬೇಡ. ಎರಡೂ ಜೋಡೆತ್ತಿನ ಹಾಗೆ ನಡೆಯಬೇಕು. ಬಿಪಿ, ಶುಗರ್, ಹೃದಯದ ಕಾಯಿಲೆ ಇರುವ ಪ್ರತಿಯೊಬ್ಬರಿಗೂ ತಾಯಿ ಕಾರ್ಡಿನಂಥದೇ ಒಂದು ಗಟ್ಟಿ ಪುಸ್ತಕ ಕೊಡಿ. ಮೇಲೆ ಒಂದು ಕ್ಯೂಆರ್ ಕೋಡ್ ಅಂಟಿಸಿ. ಕಲಬುರಗಿಯ ಡಾಕ್ಟರು ಅದನ್ನು ಸ್ಕ್ಯಾನ್ ಮಾಡಲಿ, ನೆಟ್ ಇಲ್ಲದಿದ್ದರೆ ಪುಟ ತಿರುಗಿಸಿ ಓದಲಿ. ನಮ್ಮ ಕಾಕಿಯ ಕೈಯಲ್ಲಿ ಆ ದಿನ ಅದೊಂದಿದ್ದರೆ ಮೂರು ತಾಸು ಕಾಯುವ ಪ್ರಮೇಯ ಇರುತ್ತಿರಲಿಲ್ಲ.

ಆಶಾ ಅಕ್ಕನ ಮೇಲೆ ಇನ್ನೊಂದು ಹೊರೆ ಬೇಡ

"ಎಲ್ಲ ಸರಿ, ಅದನ್ನೆಲ್ಲ ತುಂಬುವವರು ಯಾರು?" ಎಂದು ಕೇಳಿದರೆ ಅಧಿಕಾರಿಗಳ ಬಾಯಲ್ಲಿ ಒಂದೇ ಉತ್ತರ: ಆಶಾ.

30 ವರ್ಷ ದಾಟಿದವರ ಬಿಪಿ-ಶುಗರ್ ತಪಾಸಣೆಯ ಫಾರಂ ತುಂಬುವವಳೂ ಅವಳೇ, ಬಸುರಿ ಲೆಕ್ಕ ಬರೆಯುವವಳೂ ಅವಳೇ, ಆಭಾ ಕ್ಯಾಂಪಿಗೆ ಜನ ಕರೆತರುವವಳೂ ಅವಳೇ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು-ರಾತ್ರಿ ಕುಳಿತದ್ದು ನೆನಪಿರಬಹುದು. ಗೌರವಧನ ಹೆಚ್ಚಿಸಿ ಎನ್ನುವುದರ ಜೊತೆಗೆ ಅವರ ಹಳೆಯ ದೂರು ಇನ್ನೊಂದಿತ್ತು: ಮಾಡಿದ ಕೆಲಸ ಆನ್‌ಲೈನ್ ಪೋರ್ಟಲ್‌ನಲ್ಲಿ ಸರಿಯಾಗಿ ದಾಖಲಾಗದೆ ಪ್ರೋತ್ಸಾಹಧನ ಕೈತಪ್ಪುತ್ತದೆ ಎಂದು.

ಇದರಿಂದ ಕಲಿಯುವ ಪಾಠ ಇದೆ. ಒಂದೇ ಮಾಹಿತಿಯನ್ನು ಪುಸ್ತಕದಲ್ಲಿ ಒಮ್ಮೆ, ಒಂದು ಆ್ಯಪ್‌ನಲ್ಲಿ ಒಮ್ಮೆ, ಇನ್ನೊಂದು ಆ್ಯಪ್‌ನಲ್ಲಿ ಮತ್ತೊಮ್ಮೆ ತುಂಬಿಸುವ ತಂತ್ರಜ್ಞಾನ ಯಾರ ಕೆಲಸವನ್ನೂ ಹಗುರ ಮಾಡುವುದಿಲ್ಲ. ಒಮ್ಮೆ ಬರೆದದ್ದು ಎಲ್ಲ ಕಡೆ ಹೋಗಬೇಕು. ನೆಟ್ ಇಲ್ಲದ ತಾಂಡಾದಲ್ಲೂ ಬರೆದಿಟ್ಟು, ಊರಿಗೆ ಬಂದ ಮೇಲೆ ಕಳಿಸುವಂತಿರಬೇಕು. ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಕೂಲಿ ಕೊಡಬೇಕು.

ಒಪ್ಪಿಗೆ ಎಂದರೆ ಹೆಬ್ಬೆಟ್ಟು ಅಲ್ಲ

ಇನ್ನು ಭದ್ರತೆಯ ಮಾತು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ಸೈಬರ್ ದಾಳಿಯಾಗಿ ದಿನಗಟ್ಟಲೆ ಎಲ್ಲವನ್ನೂ ಕೈಯಲ್ಲಿ ಬರೆಯಬೇಕಾಯಿತು. 2023ರ ಜೂನ್‌ನಲ್ಲಿ ಕೋವಿನ್ ಲಸಿಕೆ ಪಡೆದವರ ವಿವರಗಳು ಟೆಲಿಗ್ರಾಂನಲ್ಲಿ ಸಿಗುತ್ತಿವೆ ಎಂದು ಸುದ್ದಿಯಾಯಿತು. ಕೋವಿನ್ ಸುರಕ್ಷಿತವಾಗಿದೆ ಎಂದು ಸರ್ಕಾರ ಹೇಳಿತು. ದೇಶದ ದೊಡ್ಡ ಆಸ್ಪತ್ರೆಗೇ ಹೀಗಾದರೆ ನಮ್ಮ ತಾಲೂಕಿನ ಸಣ್ಣ ಲ್ಯಾಬಿನ ಕಂಪ್ಯೂಟರಿನ ಗತಿ ಏನು ಎಂದು ಕೇಳುವ ಹಕ್ಕು ನಮಗಿದೆ.

2023ರ ಆಗಸ್ಟ್‌ನಲ್ಲಿ ಸಂಸತ್ತು ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಗೆ ಕಾಯ್ದೆ ಮಾಡಿತು. ಅದರಲ್ಲಿ ಒಂದು ಒಳ್ಳೆಯ ಮಾತಿದೆ: ನಿಮ್ಮ ಮಾಹಿತಿ ಯಾಕೆ ತೆಗೆದುಕೊಳ್ಳುತ್ತೇವೆ ಎಂಬ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಆದರೆ ಓದಲು ಬಾರದವರಿಗೆ ಕನ್ನಡ ಅಕ್ಷರವೂ ಇಂಗ್ಲಿಷೇ. ಅವರಿಗೆ ಓದಿ ಹೇಳಬೇಕು. ಫೋನೇ ಮಾತಾಡಬೇಕು: "ಯವ್ವಾ, ಈ ಡಾಕ್ಟರು ನಿನ್ನ ರಕ್ತದ ವರದಿ ಒಂದು ದಿನದ ಮಟ್ಟಿಗೆ ನೋಡ್ತೀನಿ ಅಂತಾರ. ಆಗಲಿ ಅಂದ್ರ ಒಂದು ಒತ್ತು, ಬ್ಯಾಡ ಅಂದ್ರ ಎರಡು ಒತ್ತು."

ಇದು ಕನಸಿನ ಮಾತಲ್ಲ. 2016ರಲ್ಲಿ ದೇಶದ ಕೆಲವು ರಾಜ್ಯಗಳಲ್ಲಿ ಶುರುವಾದ 'ಕಿಲ್ಕಾರಿ' ಎಂಬ ಸೇವೆ ಬಸುರಿ-ಬಾಣಂತಿಯರಿಗೆ ವಾರಕ್ಕೊಂದು ಧ್ವನಿ ಕರೆ ಮಾಡಿ ಆರೋಗ್ಯದ ಮಾತು ಹೇಳುತ್ತದೆ. ಅದಕ್ಕೆ ಸಾದಾ ಬಟನ್ ಫೋನು ಸಾಕು. ನಮ್ಮ ಕಡೆಯ ಮಾತಿನಲ್ಲೇ ದಾಖಲೆಯನ್ನೂ ಓದಿ ಹೇಳುವ ಸೇವೆ ಮಾಡಲು ಯಾವ ಅಡ್ಡಿ ಇದೆ?

"ಇಲ್ಲಿ ಹೆಬ್ಬೆಟ್ಟು ಒತ್ತವ್ವ" ಎಂದು ಕೈ ಹಿಡಿದು ಒತ್ತಿಸಿದರೆ ಅದು ಒಪ್ಪಿಗೆಯಲ್ಲ. ನಮ್ಮ ಹಿರಿಯರು ಸಾಹುಕಾರನ ಬಡ್ಡಿ ಪತ್ರಕ್ಕೆ ಹೀಗೆಯೇ ಹೆಬ್ಬೆಟ್ಟು ಒತ್ತಿದ್ದರು.

"ಮಕ್ಕಳು ಓದಿದಾರಲ್ಲ, ಅವರು ನೋಡ್ಕೋತಾರ"

ನಮ್ಮ ಗೆಳೆಯರಲ್ಲೇ ಕೆಲವರು ಹೀಗೆ ವಾದಿಸುತ್ತಾರೆ. ಮನೆಗೊಬ್ಬ ಪಿಯುಸಿ ಓದಿದ ಹುಡುಗ ಇದ್ದಾನೆ, ಅವನೇ ಎಲ್ಲರದನ್ನೂ ಫೋನಿನಲ್ಲಿ ಇಟ್ಟುಕೊಂಡರಾಯಿತು ಎಂದು. ಅರ್ಧ ನಿಜ. ನಮ್ಮ ಕಾಕಾನ ಚೀಟಿಯೂ ಓದಿದ ಮಗನ ಫೋನಿನಲ್ಲೇ ಇತ್ತು. ಇದ್ದೂ ಬೇಕಾದ ಗಳಿಗೆಗೆ ಸಿಗಲಿಲ್ಲ. ಒಬ್ಬನ ಫೋನಿನ ಮೇಲೆ ನಿಂತ ವ್ಯವಸ್ಥೆ ಆ ಫೋನು ಬಿದ್ದು ಒಡೆದ ದಿನ ಮುಗಿಯುತ್ತದೆ.

ಇನ್ನು ಕೆಲವರು, ಕಾಗದ ಕಳೆಯುತ್ತದೆ, ಮಳೆಗೆ ನೆನೆಯುತ್ತದೆ, ಇಲಿ ತಿನ್ನುತ್ತದೆ, ಆದ್ದರಿಂದ ಎಲ್ಲ ಡಿಜಿಟಲ್ ಆಗಲಿ ಎನ್ನುತ್ತಾರೆ. ಅದೂ ನಿಜ. ಅದಕ್ಕೇ ನಾವು ಕಾಗದ ಒಂದೇ ಸಾಕು ಎನ್ನುತ್ತಿಲ್ಲ. ನಮ್ಮ ವಾದ ಇಷ್ಟೇ: ತಂತ್ರಜ್ಞಾನ ಹಳದಿ ಚೀಲದಿಂದ ಶುರುವಾಗಬೇಕು. ಕಾಕಿ ಆ ಚೀಲವನ್ನು ಹೇಗೆ ಹಿಡಿಯುತ್ತಾರೆ, ಎಲ್ಲಿ ಇಡುತ್ತಾರೆ, ಯಾರ ಕೈಗೆ ಕೊಡುತ್ತಾರೆ ಎಂದು ನೋಡಿ ಅದರ ಮೇಲೆ ಕಟ್ಟಬೇಕು. ಬೆಂಗಳೂರಿನ ಎಸಿ ಕೋಣೆಯಲ್ಲಿ ಕಟ್ಟಿ ಇಲ್ಲಿಗೆ ತಂದು ಇಳಿಸಿದರೆ ಕಾರ್ಡು ಕರೆಂಟ್ ಬಿಲ್ಲಿನ ಕೆಳಗೆ ಸೇರುತ್ತದೆ.

ನಾವು ಕೇಳುವುದು

ಜಿಲ್ಲಾಡಳಿತಕ್ಕೆ, ಆರೋಗ್ಯ ಇಲಾಖೆಗೆ ನಮ್ಮ ಬೇಡಿಕೆ ಇವು:

1. ಎಷ್ಟು ಆಭಾ ಮಾಡಿಸಿದಿರಿ ಎಂಬುದರ ಜೊತೆಗೆ, ಎಷ್ಟು ಆಭಾಗಳಲ್ಲಿ ಕನಿಷ್ಠ ಒಂದು ದಾಖಲೆ ಇದೆ ಎಂಬ ಲೆಕ್ಕವನ್ನು ತಾಲೂಕುವಾರು ಪ್ರಕಟಿಸಿ.

2. ಮೊದಲು ಸರ್ಕಾರಿ ಲ್ಯಾಬುಗಳ ರಕ್ತ ಪರೀಕ್ಷೆ ಮತ್ತು ಡಿಸ್ಚಾರ್ಜ್ ಚೀಟಿ ಇವೆರಡನ್ನಾದರೂ ಜೋಡಿಸಿ. ಎಲ್ಲ ಒಮ್ಮೆಲೇ ಬೇಡ.

3. ಬಿಪಿ-ಶುಗರ್ ರೋಗಿಗಳಿಗೆ ಕನ್ನಡದ ಗಟ್ಟಿ ಪುಸ್ತಕ ಕೊಡಿ.

4. ಗುಳಿಗೆಯ ಹೆಸರು ಓದುವಂತೆ ಬರೆಯಿರಿ. ಮದ್ದಿನ ಮೂಲ ಹೆಸರನ್ನು ಸ್ಪಷ್ಟವಾಗಿ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕು ಎಂದು ವೈದ್ಯರ ನಡತೆ ನಿಯಮಕ್ಕೆ 2016ರಲ್ಲೇ ತಿದ್ದುಪಡಿಯಾಗಿದೆ.

5. ಹೊಸ ಆ್ಯಪ್ ತರುವ ಮೊದಲು ಒಂದು ಹಳ್ಳಿಯಲ್ಲಿ, ಓದಲು ಬಾರದ ಹತ್ತು ಹೆಣ್ಣುಮಕ್ಕಳ ಕೈಗೆ ಕೊಟ್ಟು ನೋಡಿ. ಅವರು ದಾಟಿದರೆ ಎಲ್ಲರೂ ದಾಟುತ್ತಾರೆ.

ನೀವು ಈ ವಾರ ಮಾಡಬಹುದಾದದ್ದು

ಸರ್ಕಾರ ಮಾಡುವವರೆಗೆ ಕೈಕಟ್ಟಿ ಕೂಡುವುದು ಬೇಡ. ಇದಕ್ಕೆ ದುಡ್ಡು ಬೇಕಿಲ್ಲ, ಒಂದು ಸಂಜೆ ಸಾಕು.

ಮನೆಯ ಚೀಲ ನೆಲಕ್ಕೆ ಸುರುವಿ. ಒಬ್ಬೊಬ್ಬರದು ಬೇರೆ ಮಾಡಿ, ಹೊಸದು ಮೇಲೆ, ಹಳೆಯದು ಕೆಳಗೆ ಇಡಿ. ಇಸಿಜಿಯಂಥ ಮಿಂಚುವ ಕಾಗದದ ಅಕ್ಷರ ದಿನ ಕಳೆದಂತೆ ಅಳಿಸುತ್ತದೆ, ಅದರ ಝೆರಾಕ್ಸ್ ಮಾಡಿಸಿ ಇಡಿ.

ಒಂದು ರಟ್ಟಿನ ಮೇಲೆ ದೊಡ್ಡಕ್ಷರದಲ್ಲಿ ಬರೆಯಿರಿ: ಹೆಸರು, ವಯಸ್ಸು, ರಕ್ತದ ಗುಂಪು, ಇರುವ ಕಾಯಿಲೆ, ನಡೆದಿರುವ ಗುಳಿಗೆಗಳ ಹೆಸರು, ಯಾವ ಮದ್ದು ಮೈಗೆ ಆಗಿಬರುವುದಿಲ್ಲ, ಆದ ಆಪರೇಶನ್, ಇಬ್ಬರ ಫೋನ್ ನಂಬರು. ಗುಳಿಗೆಯ ಖಾಲಿ ಪಟ್ಟಿಯನ್ನೂ ಜೊತೆಗೆ ಪಿನ್ ಮಾಡಿ. ಅದನ್ನು ದೇವರ ಮಾಡದ ಹತ್ತಿರವೋ ಬಾಗಿಲ ಹಿಂದೆಯೋ ಎಲ್ಲರಿಗೂ ಗೊತ್ತಿರುವ ಕಡೆ ತೂಗು ಹಾಕಿ. ಬೇರೆಯವರಿಗೆ ತಿಳಿಯಬಾರದ ಕಾಯಿಲೆ ಇದ್ದರೆ ಮಾತ್ರ ಅದನ್ನು ಮಡಚಿ ಬೇರೆ ಇಡಿ, ನಂಬುವ ಒಬ್ಬರಿಗೆ ಹೇಳಿ.

ಆ ರಟ್ಟಿನ ಫೋಟೊ ತೆಗೆದು ಎರಡು ಫೋನಿನಲ್ಲಿಡಿ. ಒಂದು ಊರಲ್ಲಿರುವವರದು, ಒಂದು ಹೊರಗಿರುವವರದು. ಆಭಾ ಇದ್ದರೆ ಆಧಾರ್‌ಗೆ ಈಗಿನ ಫೋನ್ ನಂಬರು ಜೋಡಿಸಿ. ಒಟಿಪಿಯನ್ನು ಫೋನಿನಲ್ಲಿ ಕೇಳಿದ ಯಾರಿಗೂ ಹೇಳಬೇಡಿ.

ಇನ್ನೊಂದು ಮುಖ್ಯ ಮಾತು. ದವಾಖಾನೆಯಲ್ಲಿ ನಿಮ್ಮ ದಾಖಲೆ ಕೇಳುವುದು ಭಿಕ್ಷೆಯಲ್ಲ. ರೋಗಿ ಅಥವಾ ಅವರ ಪರವಾಗಿ ಬಂದವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಯ್ದಿಡಬೇಕು ಎಂದು 2002ರ ವೈದ್ಯರ ನಡತೆ ನಿಯಮ ಹೇಳುತ್ತದೆ. ಸಿಟ್ಟು ಮಾಡದೆ, ಒಂದು ಅರ್ಜಿ ಬರೆದು ಕೇಳಿ. ಅನುಮಾನ ಇದ್ದರೆ 104ಕ್ಕೆ ಫೋನ್ ಮಾಡಿ.

ನಮ್ಮ ಕಾಕಾನ ಮನೆಯಲ್ಲಿ ಈಗ ಹಳದಿ ಚೀಲ ಇಲ್ಲ. ಬಾಗಿಲ ಹಿಂದೆ ಒಂದು ರಟ್ಟು ತೂಗುತ್ತದೆ. ಮೊಮ್ಮಗಳು ಏಳನೇ ಕ್ಲಾಸು, ಅವಳೇ ಬರೆದದ್ದು. ಗುಳಿಗೆ ಬದಲಾದಾಗ ಹಳೆಯ ಹೆಸರಿಗೆ ಗೆರೆ ಹೊಡೆದು ಹೊಸದನ್ನು ಬರೆಯುತ್ತಾಳೆ. ಕಾಕಿಗೆ ಈಗಲೂ ಓದಲು ಬರುವುದಿಲ್ಲ. ಆದರೆ ಹೋದ ತಿಂಗಳು ಕಲಬುರಗಿಗೆ ತೋರಿಸಲು ಹೋದಾಗ, ಡಾಕ್ಟರು "ಏನೇನು ಗುಳಿಗಿ ನಡದಾವಮ್ಮ?" ಎಂದು ಕೇಳುತ್ತಿದ್ದಂತೆ ಸೆರಗಿನಡಿಯಿಂದ ರಟ್ಟು ತೆಗೆದು ಟೇಬಲ್ ಮೇಲಿಟ್ಟರು. "ಇದರಾಗ ಎಲ್ಲ ಅದರೀ ಸಾಹೇಬ್ರ, ನೋಡ್ರಿ."

ಏಳನೇ ಕ್ಲಾಸಿನ ಹುಡುಗಿ ರಟ್ಟಿನ ಮೇಲೆ ಮಾಡಿದ್ದನ್ನು ಸರ್ಕಾರ ಹದಿನಾಲ್ಕು ಅಂಕಿಯ ನಂಬರಿನಲ್ಲಿ ಮಾಡಿ ತೋರಿಸಲಿ. ಅಲ್ಲಿಯವರೆಗೆ ರಟ್ಟು ಬಾಗಿಲ ಹಿಂದೆಯೇ ಇರಲಿ.